ಕೆರೆ ದಾಟದ ಕೂಗು

ಸದ್ದನ್ನು ಅಳೆಯುವ ಆ್ಯಪೊಂದು ನನ್ನ ಫೋನಿಗೆ ಬಂದು ಸೇರಿದಂದಿನಿಂದ ನಮ್ಮ ಮನೆಯಲ್ಲಿ ಕುಕ್ಕರಿಗೂ ನೆಮ್ಮದಿಯಿಲ್ಲ. ಅದರ ಸೀಟಿ ಎಂಬತ್ತು ಡೆಸಿಬೆಲ್, ಮಿಕ್ಸಿ ಅದಕ್ಕೂ ಮಿಗಿಲು. ನನ್ನ ಗೊರಕೆಯನ್ನು ಅಳೆದು ಹೆಂಡತಿ ತೋರಿಸಿದ ಅಂಕಿಯನ್ನು ಮಾತ್ರ ಉಪಕರಣದ ದೋಷವೆಂದು ಸವಿನಯವಾಗಿ ತಳ್ಳಿಹಾಕಿದ್ದೇನೆ. ಭೌತಶಾಸ್ತ್ರದ ನಿವೃತ್ತ ಮೇಷ್ಟರಿಗೆ ಇಷ್ಟಾದರೂ ಅಧಿಕಾರ ಬೇಡವೇ, ನೀವೇ ಹೇಳಿ.

ಈ ಪಾಂಡಿತ್ಯ ಹೊತ್ತುಕೊಂಡೇ ಬೇಸಿಗೆಯಲ್ಲಿ ದೇವರಾಯಸಮುದ್ರಕ್ಕೆ ಹೋದರೆ, ನಮ್ಮ ಸೋದರತ್ತೆ ಚಿನ್ನಮ್ಮ ಮುಖ ಊದಿಸಿಕೊಂಡು ಕೂತಿದ್ದಳು. ಊರ ಕೆರೆಯ ಕಿರಿದಾದ ಮೂಲೆಯ ಈಚೆ ದಡದಲ್ಲಿ ಅವಳ ಮನೆ, ಆಚೆ ದಡದಲ್ಲಿ ಬಾಲ್ಯದ ಗೆಳತಿ ಬೀಬಿಜಾನಳದು. ಮುಸ್ಸಂಜೆ ಇಬ್ಬರೂ ಅಂಗಳಕ್ಕೆ ಬಂದು, ಕೂಗಿ ಊಟ ವಿಚಾರಿಸಿಕೊಳ್ಳುವುದು ಅವರ ಹಳೆಯ ಪದ್ಧತಿ. “ಫೋನು ಕಾಯಿಲೆ ಕಸಾಲೆಗೆ ಕಣೋ, ಊಟ ಕೇಳೋಕಲ್ಲ” ಎಂಬುದು ಅತ್ತೆಯ ಸಿದ್ಧಾಂತ.

“ಅಗೋ, ಅಂಗಳದಲ್ಲೇ ಕೂತವ್ಳೆ. ಎಷ್ಟು ಕೂಗಿದ್ರೂ ಓ ಅನ್ನಲ್ಲ. ನಂದೇನು ತಪ್ಪು? ನಾನ್ಯಾಕೆ ಹೋಗ್ಲಿ?” ಎಂದವಳ ಕಣ್ಣು ತುಂಬಿತ್ತು. ಆ ವಯಸ್ಸಿನಲ್ಲಿ ಗೆಳತಿಯೊಬ್ಬಳು ಕೈಬಿಟ್ಟಳೆಂದರೆ ಇನ್ನೊಬ್ಬಳನ್ನು ಎಲ್ಲಿಂದ ತರುವುದು? ನನಗೂ ಸಂಕಟವಾಯಿತು. ವಿಚಾರಿಸಿದರೆ, ಸಂಜೆ ಟಿವಿಯಲ್ಲಿ ಹೊಸ ಧಾರಾವಾಹಿ ಶುರುವಾಗಿದೆಯೆಂದು ಅತ್ತೆ ಕೂಗನ್ನು ಮಧ್ಯಾಹ್ನಕ್ಕೆ ವರ್ಗಾಯಿಸಿಕೊಂಡಿದ್ದಳು!

ಸ್ಕೂಟರಿನಲ್ಲಿ ಆಚೆ ದಡಕ್ಕೆ ಹೋಗಿ ಫೋನು ಹಿಡಿದು ನಿಂತೆ. ಅತ್ತೆ ಬಾಯಿಯ ಸುತ್ತ ಕೈ ಹಿಡಿದು ಕೂಗುವುದು ಕಂಡಿತು, ಕೇಳಿಸಲಿಲ್ಲ, ಅಂಕಿಯೂ ಅಲುಗಲಿಲ್ಲ. ದೂರದ್ದು ಸರಿಯಾಗಿ ಕಾಣದ ಬೀಬಿಜಾನ್ ಮೆಲ್ಲಗೆ ಕೇಳಿದಳು: “ಚಿನ್ನಕ್ಕಂಗೆ ನನ್ ಮ್ಯಾಲೆ ಕೋಪಾನೇನಪ್ಪಾ? ಸಂಜೆ ಕೂಗಿದ್ರೆ ಮಾತೇ ಇಲ್ಲ.”

ನೀರು ಹಿಂದೆ ಸರಿದು ಕೆರೆಯಂಗಳ ಕಾದಿತ್ತು. ನೆಲದ ಬಳಿಯ ಬಿಸಿಗಾಳಿಯಲ್ಲಿ ಸದ್ದಿಗೆ ವೇಗ ಹೆಚ್ಚು, ಮೇಲಿನ ತಂಪಿನಲ್ಲಿ ಕಡಿಮೆ; ಹಾಗಾಗಿ ಮಧ್ಯಾಹ್ನದ ಕೂಗು ಮೇಲಕ್ಕೆ ಬಾಗಿ ಬೀಬಿಜಾನಳ ತಲೆಯ ಮೇಲಿಂದಲೇ ಹಾರಿಹೋಗುತ್ತಿತ್ತು. ಸಂಜೆ ನೆಲ ತಣಿದಾಗ ಸದ್ದು ಕೆಳಕ್ಕೆ ಬಾಗಿ ಅಂಗಳಕ್ಕಿಳಿಯುತ್ತದೆ. ಆದರೆ ಆಗ ಅತ್ತೆ ಟಿವಿಯ ಮುಂದೆ. ಮಕ್ಕಳು ಆಕಳಿಸುವಂತೆ ನಾನು ಕಲಿಸಿದ್ದ ಪಾಠ ಇಬ್ಬರು ಮುದುಕಿಯರನ್ನು ಅಳಿಸುತ್ತಿತ್ತು.

ಅಂದು ಸಂಜೆ ಧಾರಾವಾಹಿಯ ನಡುವೆಯೇ ಟಿವಿ ಆರಿಸಿ ಅತ್ತೆಯನ್ನು ಅಂಗಳಕ್ಕೆ ಕರೆತಂದೆ.

“ಬೀಬೀ... ಊಟ ಆಯ್ತೇನೇ?”

ಆಚೆ ದಡದಿಂದ, ಎಳೆಯಷ್ಟು ತೆಳ್ಳಗೆ: “ಆಯ್ತು ಚಿನ್ನಕ್ಕಾ... ನಿಂದೂ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋಡ್ದೇನೋ, ಎಷ್ಟು ಜೋರಾಗಿ ಕೂಗ್ತಾಳೆ!”

ಫೋನು ನೋಡಿದೆ. ನಮ್ಮ ಮನೆಯ ಫ್ಯಾನಿಗಿಂತಲೂ ಕಡಿಮೆ ಅಂಕಿ. ಉಪಕರಣದ ದೋಷ ಎಂದುಕೊಂಡೆ. ಈ ಸಲ ಮನಃಪೂರ್ವಕವಾಗಿ.