ಖಲಬತ್ತದೊಳಗಿನ ಸತು

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕೈಗೆ ಒಂದು ಹುಳಿ ವಾಸನೆ ಹತ್ತುತ್ತದೆ. ಸೋಪು ಹಚ್ಚಿ ತೊಳೆದರೂ ಹೋಗುವುದಿಲ್ಲ. ಊಟಕ್ಕೆ ಕೂತರೆ ರೊಟ್ಟಿಯಲ್ಲೂ ಅದೇ. ನನಗಂತೂ ಆ ವಾಸನೆ ಬಂದರೆ ಸಾಕು, ಸಿಟ್ಟು ಬರುತ್ತದೆ. ಮೊನ್ನೆ ಶಾಲೆಯ ಪ್ರಯೋಗಾಲಯದ ಕಪಾಟಿನಿಂದ ಆ ಖಲಬತ್ತವನ್ನು ಇಳಿಸಿ ತಿಕ್ಕುತ್ತ ಕೂತಾಗಲೂ ಬಂತು. ಖಲಬತ್ತ ಅಂದರೆ ನಮ್ಮ ಕಡೆ ಯಾಲಕ್ಕಿ, ಮೆಣಸು ಕುಟ್ಟುವ ಹಿತ್ತಾಳೆಯ ಪುಟ್ಟ ಒರಳು. ಇದರಲ್ಲಿ ಮಾತ್ರ ಯಾರೂ ಏನೂ ಕುಟ್ಟುವುದಿಲ್ಲ, ಕುಟ್ಟಲೂಬಾರದು. ಸಿಟ್ಟು ಈ ಖಲಬತ್ತದ ಮೇಲಲ್ಲ... ಬಿ.ಎಸ್ಸಿ.ಯಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಸರ್ ಮೇಲೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಮಾಡದೆ ಏನು ಮಾಡಲಿ?

ಅಫಜಲಪುರದ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕರಾಗಿದ್ದರು. ಅತಿಥಿ! ವರ್ಷಗಟ್ಟಲೆ ಒಂದೇ ಮನೆಯಲ್ಲಿ ಉಳಿದು, ಪ್ರತಿ ಜೂನ್‌ನಲ್ಲೂ ‘ಈ ಸಲ ಇರಲೋ ಬ್ಯಾಡೋ’ ಎಂದು ಕೇಳಬೇಕಾದ ಅತಿಥಿಯನ್ನು ಎಲ್ಲಾದರೂ ಕಂಡಿದ್ದೀರಾ? ಇಸ್ತ್ರಿ ಕಾಣದ ಅಂಗಿ, ಬೆರಳಿಗೆಲ್ಲ ಚಾಕ್ ಪುಡಿ, ನಡೆಯುವಾಗ ತಮ್ಮಷ್ಟಕ್ಕೆ ತಾವೇ ತಲೆಯಾಡಿಸುವ ರೂಢಿ. ಪಾಠಕ್ಕೆ ನಿಂತರೆ ಮಾತ್ರ ಮನುಷ್ಯರೇ ಬೇರೆ.

ಅವರು ಸಂಶೋಧನೆ ಮಾಡಿದ್ದು ಅತಿವಾಹಕಗಳ ಮೇಲೆ, ಅಂದರೆ ಕರೆಂಟು ಒಂದಿಷ್ಟೂ ಅಡ್ಡಿಯಿಲ್ಲದೆ ಹರಿಯುವ ವಸ್ತುಗಳ ಮೇಲೆ. ಇಟ್ರಿಯಂ, ಬೇರಿಯಂ, ತಾಮ್ರದ ಪುಡಿಗಳನ್ನು ಅರೆದು, ಸುಟ್ಟು, ಒತ್ತಿ ಮಾಡಿದ ಕರಿ ಬಿಲ್ಲೆ ಅದು. ದ್ರವ ಸಾರಜನಕದಲ್ಲಿ ಮುಳುಗಿಸಿದರೆ, ಅದರ ಮೇಲಿಟ್ಟ ಅಯಸ್ಕಾಂತ ಗಾಳಿಯಲ್ಲಿ ಎದ್ದು ನಿಲ್ಲುತ್ತದೆ. ಸೊನ್ನೆಗಿಂತ ಇನ್ನೂರು ಡಿಗ್ರಿ ಹತ್ತಿರ ಕೆಳಗಿನ ಆ ಥಂಡಿಗೆ ವಿಜ್ಞಾನಿಗಳು ‘ಹೆಚ್ಚಿನ ತಾಪ’ ಅನ್ನುತ್ತಾರೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಂದು ಒಂದು ಮಧ್ಯಾಹ್ನ ಕಳೆದಿದ್ದರೆ ಅವರು ಹಾಗೆ ಹೆಸರಿಡುತ್ತಿರಲಿಲ್ಲ. ಸರ್ ನೋಡಿದ್ದು ಈ ಬಿಲ್ಲೆಯೊಳಗೆ ಸತುವಿನ ಪರಮಾಣು ಬೆರೆತರೆ ಏನಾಗುತ್ತದೆ ಎಂಬುದನ್ನು. ಅದೊಂದನ್ನೇ ಹಿಡಿದು ಎಷ್ಟೋ ವರ್ಷ ಕಳೆದಿದ್ದರು. ಸತು ಅಂದರೆ ಅವರಿಗೆ ಮನೆಯ ಮಂದಿಯಷ್ಟು ಪರಿಚಯ.

ನಾನು ಎರಡನೇ ವರ್ಷದಲ್ಲಿದ್ದಾಗ ಪ್ರಾಂಶುಪಾಲರು ಹೇಳಿಬಿಟ್ಟರು: ಬರುವ ವರ್ಷ ಭೌತಶಾಸ್ತ್ರಕ್ಕೆ ಹತ್ತು ಮಂದಿಯಾದರೂ ಸೇರದಿದ್ದರೆ ವಿಭಾಗ ಬಂದ್. ಸೇರಿಕೊಂಡ ನಮ್ಮದು ಹೇಗೋ ಮುಗಿಯುತ್ತಿತ್ತು. ಸರ್ ಕೆಲಸ ಮಾತ್ರ ಹೋದಂತೆಯೇ. ಊರಿನ ಪಿಯುಸಿ ಮಕ್ಕಳನ್ನು ಕರೆದು, ಅವರ ಕಣ್ಣೆದುರು ಅಯಸ್ಕಾಂತವನ್ನು ಗಾಳಿಯಲ್ಲಿ ನಿಲ್ಲಿಸಿದರೆ ಹತ್ತೇನು, ಇಪ್ಪತ್ತು ಮಂದಿ ಸೇರುತ್ತಾರೆ ಎಂದು ನಾವೇ ಸರ್‌ಗೆ ದುಂಬಾಲು ಬಿದ್ದೆವು. ಅವರ ಹತ್ತಿರ ಸಂಶೋಧನೆಯ ಕಾಲದ ಒಂದು ಒಳ್ಳೆಯ ಬಿಲ್ಲೆ ಇತ್ತು, ಸತು ಬೆರೆಯದ್ದು. ಅದನ್ನೇ ತೋರಿಸಿಬಿಡ್ರಿ ಸರ್ ಎಂದೆ.

“ಅದು ದೊಡ್ಡ ಊರಾಗ ಮಾಡಿದ್ದವ್ವ,” ಅಂದರು. “ಅದನ್ನ ತೋರಿಸಿದ್ರ ಹುಡುಗ್ರು ಏನಂತಾವ? ಇದು ನಮ್ಮಂಥವ್ರ ಕೆಲಸ ಅಲ್ಲ ಅಂತಾವ. ಇಲ್ಲೇ ಮಾಡೂಣು. ಅಫಜಲಪುರದಾಗ ಮಾಡಿದ ಬಿಲ್ಲಿ ಮ್ಯಾಲೆ ನಿಲ್ಲಬೇಕು ಅಯಸ್ಕಾಂತ.”

ನಿಲ್ಲಬೇಕಂತೆ! ಪುಡಿ ಅರೆಯಲು ಅಗೇಟ್ ಎಂಬ ಗಟ್ಟಿ ಕಲ್ಲಿನ ಒರಳು ಬೇಕಿತ್ತು. ಕಚೇರಿಗೆ ಕೇಳಿ ಕೇಳಿ ಸರ್ ಚಪ್ಪಲಿ ಸವೆದವು. ಬರಲಿಲ್ಲ. ಆಗ ಅವರ ಹೆಂಡತಿ ಮನೆಯಿಂದ ತಮ್ಮ ಖಲಬತ್ತ ತಂದು ಟೇಬಲ್ಲಿನ ಮೇಲೆ ಇಟ್ಟರು. ನಾವು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಆಳಂದ ಅವರ ತವರು. ಮದುವೆಯಲ್ಲಿ ಅಲ್ಲಿಂದ ಕೊಟ್ಟ ಖಲಬತ್ತ. “ತಗೋರಿ, ಇದರಾಗ ಅರೀರಿ. ಆ ಕಚೇರ‍್ಯಾಗಿನವ್ರ ಬಾಯಿ ನೋಡಕೋತ ಕುಂತ್ರ ನಿಮ್ಮ ಗಡ್ಡ ಬೆಳ್ಳಗಾಗ್ತದ,” ಅಂದರು. ಬೇರಿಯಂ ಪುಡಿ ವಿಷ, ಒಮ್ಮೆ ಅರೆದರೆ ಇದು ಮತ್ತೆ ಅಡುಗೆಮನೆಗೆ ಬರುವ ಹಾಗಿಲ್ಲ ಎಂದು ಸರ್ ಹೇಳಿದಾಗ ಅಕ್ಕ ಸೆರಗಿನಿಂದ ಅದನ್ನು ಒಮ್ಮೆ ಒರೆಸಿದರು. ಆಮೇಲೆ, “ಇರಲಿ. ಏನೋ ಒಂದು ಹಾರಲಿ,” ಅಂದರು.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಸರದಿಯ ಮೇಲೆ ಅರೆದೆವು. ರಟ್ಟೆ ಬಿದ್ದುಹೋದವು. ರಸಾಯನಶಾಸ್ತ್ರದವರ ಕುಲುಮೆಯಲ್ಲಿ ಸುಟ್ಟು, ಕಲ್ಲಿನಂತಾದದ್ದನ್ನು ಮತ್ತೆ ಅದೇ ಖಲಬತ್ತದಲ್ಲಿ ಅರೆದು, ಲಾರಿ ಗ್ಯಾರೇಜಿನ ಜಾಕಿಯಲ್ಲಿ ಒತ್ತಿಸಿ, ಮತ್ತೆ ಸುಟ್ಟೆವು. ಆ ಸಲ ಕರೆಂಟು ಕೂಡ ಹೋಗಲಿಲ್ಲ. ದೇವರೇ ನಮ್ಮ ಕಡೆ ಇದ್ದಾನೆ ಅಂದುಕೊಂಡೆ.

ಇನ್ನು ಸಾರಜನಕ. ನಮ್ಮ ತಾಲೂಕಿನಲ್ಲಿ ಅದು ಸಿಗುವುದು ದನದ ದವಾಖಾನೆಯಲ್ಲಿ ಮಾತ್ರ. ಹೋರಿಯ ವೀರ್ಯದ ಕಡ್ಡಿಗಳನ್ನು ಅದರಲ್ಲಿ ಕಾಪಾಡಿ ಇಡುತ್ತಾರೆ. ಅಲ್ಲಿನ ಡಾಕ್ಟರು ಸರ್ ಅವರನ್ನು ಮೇಲಿಂದ ಕೆಳಗೆ ನೋಡಿ, “ಏನ್ರಿ ಮಾಸ್ತರ, ಕಲ್ಲಿಗೂ ಗಬ್ಬ ಕಟ್ಟಸಾಕತ್ತೀರೇನು?” ಎಂದು ನಕ್ಕರು. ಕೊನೆಗೆ ಒಂದು ಫ್ಲಾಸ್ಕ್ ಕೊಟ್ಟರು. ಒಂದೇ ಸಲ, ಮತ್ತೆ ಕೇಳಬಾರದು ಎಂಬ ಮಾತಿನ ಮೇಲೆ. ಹೀಗಾಗಿ ಮೊದಲೇ ಒಮ್ಮೆ ಮಾಡಿ ನೋಡುವ ಭಾಗ್ಯ ನಮಗಿರಲಿಲ್ಲ.

ಅವತ್ತು ಸಭಾಂಗಣ ತುಂಬಿತ್ತು. ಪಿಯುಸಿ ಮಕ್ಕಳು, ಪ್ರಾಂಶುಪಾಲರು, ಮುಂದಿನ ಸಾಲಿನಲ್ಲಿ ಹೊಸ ಇಳಕಲ್ ಸೀರೆ ಉಟ್ಟ ಅಕ್ಕ. ಟೇಬಲ್ಲಿನ ಮೇಲೆ ನಮ್ಮ ಸಾಮಾನುಗಳನ್ನೆಲ್ಲ ಜೋಡಿಸಿದ್ದೆವು. ಖಲಬತ್ತವೂ ತಿಕ್ಕಿಸಿಕೊಂಡು ಫಳಫಳ ಕೂತಿತ್ತು. ಸರ್ ಬಟ್ಟಲಿಗೆ ಬಿಲ್ಲೆ ಇಟ್ಟು ಸಾರಜನಕ ಸುರಿದರು. ಬಿಳಿ ಹೊಗೆ ಟೇಬಲ್ಲಿನ ಅಂಚಿನಿಂದ ಕೆಳಗಿಳಿಯಿತು. ಮಕ್ಕಳು ಎದ್ದು ನಿಂತರು. ಸರ್ ಚಿಮಟದಲ್ಲಿ ಅಯಸ್ಕಾಂತ ಹಿಡಿದು ಬಿಲ್ಲೆಯ ಮೇಲೆ ಬಿಟ್ಟರು.

ಟಕ್ ಎಂದು ಕೂತಿತು. ಎತ್ತಿ ಮತ್ತೆ ಬಿಟ್ಟರು. ಮತ್ತೆ ಟಕ್. ಹಿಂದಿನಿಂದ ಯಾರೋ ಕಿಸಕ್ಕೆಂದರು. ಸರ್ ಬೆವರುತ್ತ ಬಿಲ್ಲೆ ನೋಡಿದರು, ಫ್ಲಾಸ್ಕ್ ನೋಡಿದರು, ಆಮೇಲೆ ಅವರ ಕಣ್ಣು ಖಲಬತ್ತದ ಮೇಲೆ ಹೋಗಿ ನಿಂತಿತು. ಹಿತ್ತಾಳೆ... ತಾಮ್ರ ಮತ್ತು ಸತು. ಎರಡು ಅಂಕದ ಪ್ರಶ್ನೆಗೆ ನಾವೆಲ್ಲ ಬಾಯಿಪಾಠ ಮಾಡಿದ್ದ ಉತ್ತರ ಅದು. ದಿನವೂ ಕೈಯಲ್ಲಿ ಹಿಡಿದು ಅರೆಯುವಾಗ ಅದು ಸವೆದು ಪುಡಿಗೆ ಬೆರೆಯುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಸತುವಿನ ಮೇಲೆ ಆಯುಷ್ಯ ಕಳೆದವರಿಗೂ ಹೊಳೆದಿರಲಿಲ್ಲ. ಮನೆಯ ಸಾಮಾನು ನೋಡಿ ಯಾರು ರಸಾಯನಶಾಸ್ತ್ರ ನೆನೆಯುತ್ತಾರೆ?

“ಸತು!” ಎಂದು ಸರ್ ಚೀರಿದರು. ನಾಚಿಕೆಯಿಂದ ಅಲ್ಲರೀ, ಖುಷಿಯಿಂದ! ಮುಖ ಅರಳಿಬಿಟ್ಟಿತ್ತು. ಕಳೆದುಹೋದ ಗೆಳೆಯ ಸಂತೆಯಲ್ಲಿ ಸಿಕ್ಕಹಾಗೆ.

ಅಷ್ಟಕ್ಕೇ ಬಿಟ್ಟು ಒಳ್ಳೆಯ ಬಿಲ್ಲೆ ತೆಗೆಯಬಾರದಿತ್ತೇ? ಅದು ಅವರ ಜೇಬಿನಲ್ಲೇ ಇತ್ತು. ಇಲ್ಲ. ಮುಂದಿನ ಸಾಲಿನ ಮಕ್ಕಳನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿದರು. ಒಬ್ಬ ಬೋರ್ಡಿನ ಕಡೆ ಮುಖ, ಪಕ್ಕದವನು ಹಿಂದಿನ ಗೋಡೆಯ ಕಡೆ ಮುಖ, ಹೀಗೆ ಒಬ್ಬ ಬಿಟ್ಟು ಒಬ್ಬ; ಎಲ್ಲರ ಕೈಯೂ ಅಕ್ಕಪಕ್ಕದವರ ಕೈಯಲ್ಲಿ. ಇವರು ತಾಮ್ರದ ಪರಮಾಣುಗಳು, ಅಂದರು. ಒಬ್ಬೊಬ್ಬನೂ ಒಂದೊಂದು ಪುಟ್ಟ ಅಯಸ್ಕಾಂತವೇ, ಆದರೆ ಒಬ್ಬನದು ಹೀಗೆ, ಪಕ್ಕದವನದು ಹಾಗೆ, ಆದ್ದರಿಂದ ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ನಡುವಿನ ಹುಡುಗಿಯನ್ನು ಹೊರಗೆ ಕಳಿಸಿ ಆ ಜಾಗದಲ್ಲಿ ಒಂದು ಸ್ಟೂಲು ಇಟ್ಟರು.

“ಇದು ಸತು. ಸ್ಟೂಲಿಗೆ ಮುಖ ಇಲ್ಲ, ಕೈ ಇಲ್ಲ. ಅದರಾಗ ಅಯಸ್ಕಾಂತ ಗುಣಾನೇ ಇಲ್ಲ. ಪಾಪ, ಅದು ಏನೂ ಮಾಡಂಗಿಲ್ಲ. ಆದ್ರ ಅದರ ಅಕ್ಕಪಕ್ಕದವ್ರನ್ನ ನೋಡ್ರಿ!”

ಪಕ್ಕದ ಇಬ್ಬರ ಒಂದೊಂದು ಕೈ ಜೋತುಬಿದ್ದಿತ್ತು. ಏನು ಮಾಡಬೇಕೋ ತಿಳಿಯದೆ ಒಬ್ಬ ತಲೆ ಕೆರೆದುಕೊಂಡ, ಇನ್ನೊಬ್ಬ ತಿರುಗಿ ನೋಡಿದ. ಅದೇ, ಅದೇ, ಎಂದು ಸರ್ ಕುಣಿದರು. ಜೋಡಿ ತಪ್ಪಿದ ತಾಮ್ರದ ಅಯಸ್ಕಾಂತ ಗುಣ ಬಯಲಿಗೆ ಬೀಳುತ್ತದೆ. ಕೈ ಕೈ ಹಿಡಿದು ಜೋಡಿಯಾಗಿ ಓಡುವ ಕರೆಂಟಿನ ಕಣಗಳು ಅಲ್ಲಿ ಮುಗ್ಗರಿಸುತ್ತವೆ. ಅದೇ ಜಾಗಕ್ಕೆ ನಿಕಲ್ ಬಂದರೆ ಇಷ್ಟು ಹಾನಿ ಇಲ್ಲ, ಅದು ತಾನೇ ಅಯಸ್ಕಾಂತವಾಗಿದ್ದರೂ. “ಜಗಳಗಂಟ ಬಂದು ನಿಂತ್ರೂ ಕೈ ಹಿಡೀತಾನ್ರಿ. ಕೈಯೇ ಇಲ್ಲದಾಂವ ಬಂದ್ರ ಸಾಲೇ ಕೆಡ್ತದ!”

ಎಂಥ ಪಾಠ ಅದು! ಈಗ ಗೊತ್ತಾಗುತ್ತದೆ. ಅವತ್ತು ನಾನು ನೋಡುತ್ತಿದ್ದದ್ದು ಬಟ್ಟಲನ್ನು. ಹೊಗೆ ತೆಳ್ಳಗಾಗುತ್ತಿತ್ತು. ಕೈ ಮಾಡಿದೆ, ಕೆಮ್ಮಿದೆ, ಕೊನೆಗೆ “ಸರ್, ಸಾರಜನಕ!” ಎಂದು ಕೂಗಿಯೂ ಬಿಟ್ಟೆ. “ಎರಡ ನಿಮಿಷವ್ವ,” ಅಂದರು. ಅವರ ಎರಡು ನಿಮಿಷ ಮುಗಿಯುವಷ್ಟರಲ್ಲಿ ಗಾಣಗಾಪುರದ ಬಸ್ಸಿನ ಹಾರ್ನು ಕೇಳಿ ಅರ್ಧ ಸಭೆ ಎದ್ದು ಓಡಿತು. ಉಳಿದವರೂ ಹಿಂದೆಯೇ ಹೋದರು. ಅಯಸ್ಕಾಂತ ಯಾಕೆ ಏಳಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಸರ್ ಜೇಬಿನಿಂದ ಒಳ್ಳೆಯ ಬಿಲ್ಲೆ ತೆಗೆದು ಬಟ್ಟಲಿಗೆ ಇಟ್ಟಾಗ ಬಟ್ಟಲು ಒಣಗಿತ್ತು. ಫ್ಲಾಸ್ಕ್ ಬೋರಲು ಹಾಕಿದರೂ ಹನಿ ಬರಲಿಲ್ಲ.

“ಹಂಗಾರ ನನ್ನ ತವರಿನ ಖಲಬತ್ತದ್ದ ತಪ್ಪೇನ್ರಿ?” ಅಂದರು ಅಕ್ಕ. ಸರ್ ಆಗ ಮೊದಲ ಸಲ ತಲೆ ತಗ್ಗಿಸಿದರು.

ಹತ್ತು ಮಂದಿ ಸೇರಲಿಲ್ಲ. ವಿಭಾಗ ಬಂದಾಯಿತು. ಸರ್ ಕಲಬುರಗಿಯ ಟ್ಯೂಷನ್ನುಗಳಿಗೆ ಬಸ್ಸಿನಲ್ಲಿ ಓಡಾಡತೊಡಗಿದರು. ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿಸುವ ಪಾಠ. ಎಂ.ಎಸ್ಸಿ. ಮಾಡಿ ಅವರ ಹಾಗೆ ಬಿಲ್ಲೆ ಸುಡಬೇಕು ಅಂದುಕೊಂಡವಳು ನಾನು. ದಾರಿ ತೋರಿಸುವವರೇ ದಿನಾ ಬಸ್ಸಿನಲ್ಲಿ ನಿಂತು ಹೋಗುವುದನ್ನು ಕಂಡು ಬಿ.ಎಡ್. ಸೇರಿದೆ. ದಾರಿಯಲ್ಲಿ ಸಿಕ್ಕಾಗ, “ಏನವ್ವ, ಸತು ನೆನಪದ ಏನು?” ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸರ್ ಹೃದಯ ಕೈಕೊಟ್ಟಿತು. ಅಕ್ಕ ಆಳಂದಕ್ಕೆ ಹೋಗಿ ತಂಗಿಯ ಜೊತೆ ಹೊಲಿಗೆ ಅಂಗಡಿ ಹಾಕಿದ್ದಾರೆ. ಹೋಗುವ ಮುಂಚೆ ನನ್ನನ್ನು ಕರೆಸಿ ಖಲಬತ್ತ ಕೊಟ್ಟರು. “ಅಡಗಿಗೆ ಬರಂಗಿಲ್ಲ, ಒಗೀಲಿಕ್ಕ ಮನಸ್ಸಿಲ್ಲ. ನೀ ಒಯ್ಯಿ ತಂಗಿ,” ಅಂದರು. ಒಳಗೊಂದು ಡಬ್ಬಿ, ಡಬ್ಬಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಎರಡು ಕರಿ ಬಿಲ್ಲೆ. ಒಂದು ಹಳೆಯದು, ಒಂದು ನಮ್ಮದು.

ನಾನೀಗ ಇಜೇರಿ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಖಲಬತ್ತ ತಿಕ್ಕಿ ಒರೆಸಿದ ಮೇಲೆ ಮನಸ್ಸು ತಡೆಯಲಿಲ್ಲ; ಜೇವರ್ಗಿಯ ದನದ ದವಾಖಾನೆಯವರ ಕೈಕಾಲು ಹಿಡಿದು ಒಂದು ಫ್ಲಾಸ್ಕ್ ಸಾರಜನಕ ತಂದೆ. ಬಾಯಿ ಬಿಡಬಾರದು, ಮೊದಲು ಹಾರಿಸಬೇಕು ಎಂದು ನನಗೆ ನಾನೇ ತಾಕೀತು ಮಾಡಿಕೊಂಡಿದ್ದೆ. ಹಳೆಯ ಬಿಲ್ಲೆ ಇಟ್ಟು ಸುರಿದು ಅಯಸ್ಕಾಂತ ಬಿಟ್ಟೆ. ಎದ್ದಿತು! ಒಂದು ಜೋಳದ ಕಾಳು ತೂರುವಷ್ಟೇ, ಆದರೆ ಎದ್ದಿತು. ಮಕ್ಕಳು ಕಿರುಚಿದರು, ಹೆಡ್‌ಮಾಸ್ತರರು ಮೊಬೈಲಿನಲ್ಲಿ ಹಿಡಿದುಕೊಂಡರು. ಇಷ್ಟೇ ಸಾಕಿತ್ತಲ್ಲ ಸರ್ ಅವತ್ತು... ಇಷ್ಟೇ ಇಷ್ಟು.

ಬಟ್ಟಲಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಹಳೆಯದನ್ನು ತೆಗೆದು ನಮ್ಮ ಬಿಲ್ಲೆಯನ್ನು ಇಟ್ಟೆ. ಟಕ್. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಮಕ್ಕಳು ತಟ್ಟೆ ಹಿಡಿದು ಓಡಿದರು. ಒಂಬತ್ತನೇ ತರಗತಿಯ ಒಬ್ಬಳು ಮಾತ್ರ ಬಟ್ಟಲಿಗೆ ಮೂಗು ಹತ್ತಿಸುವಂತೆ ಬಗ್ಗಿ ನಿಂತಿದ್ದಳು.

“ಮೇಡಂ, ಎರಡೂ ಒಂದೇ ನಮೂನಿ ಕರ‍್ರಗ ಅದಾವಲ್ರಿ. ಇದ್ಯಾಕ ಏಳವಲ್ತು?”

ಒಂದು ಸಭಾಂಗಣ ತುಂಬ ಮಂದಿ ಕೇಳದೆ ಹೋದ ಪ್ರಶ್ನೆ ಅದು. ಇಷ್ಟು ವರ್ಷದ ಮೇಲೆ ಬಂತು, ಯಾರಿಗಾಗಿ ಬರಬೇಕಿತ್ತೋ ಅವರೇ ಇಲ್ಲದಾಗ. ಒಂದು ಸ್ಟೂಲು ತಾ ಎಂದೆ. ತಂದಳು. ಅವಳನ್ನು ಸ್ಟೂಲಿನ ಆ ಕಡೆ ಬೋರ್ಡಿನತ್ತ ಮುಖ ಮಾಡಿಸಿ ನಿಲ್ಲಿಸಿ, ಈ ಕಡೆ ನಾನು ನಿಂತೆ. ಪಕ್ಕದವರ ಕೈ ಹಿಡಿಯಬೇಕು, ಅದು ಈ ಆಟದ ನೇಮ ಎಂದೆ.

ಅವಳು ಕೈ ಚಾಚಿದಳು. ಖಾಲಿ ಸ್ಟೂಲು ನೋಡಿ ನನ್ನ ಕಡೆ ತಿರುಗಿದಳು.

“ಯಾರದ್ದು ಹಿಡೀಲ್ರಿ ಮೇಡಂ? ಇಲ್ಲಿ ಯಾರೂ ಇಲ್ಲಲ್ರಿ.”

“ಅದೇ, ಅದೇ!” ಎಂದೆ, ಸರ್ ಅಂದ ಹಾಗೆಯೇ. ಸ್ಟೂಲಿನ ಈ ಕಡೆ ಜೋತುಬಿದ್ದ ನನ್ನ ಕೈಯನ್ನೂ ಅವಳಿಗೆ ತೋರಿಸಿದೆ.