ಬೆಟ್ಟಕ್ಕೆ ಕೊಟ್ಟ ಸಾಂಬ್ರಾಣಿ

ಕಾಶ್ಮೀರಕ್ಕೆ ಸೈಕಲ್ಲಲ್ಲಿ ಹೋಗಿ ವಾಪಸ್ ಬರುತ್ತಿದ್ದೆ. ಗುಂಡ್ಲುಪೇಟೆ ಬಂದು, ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ಕಾಲು ತಾನಾಗಿ ನಿಧಾನವಾಯಿತು. ಚಾಮರಾಜನಗರದಿಂದ ಹೆಂಡತಿ ಫೋನ್ ಮಾಡಿ, ಸಂಜೆಯೊಳಗೆ ಮನೆ ಸೇರಬೇಕು, ಮತ್ತೆ ಎಲ್ಲಿಗೂ ಹೊರಡಕೂಡದು ಅಂದಿದ್ದಳು.

ಟೀ ಅಂಗಡಿಯ ಮುಂದೆ ಕೂತಿದ್ದೆ. ಗಡ್ಡ ಎದೆಗಿಳಿದಿತ್ತು, ತಲೆಗೆ ಕಾವಿ ಟವೆಲು ಸುತ್ತಿದ್ದೆ. ಒಬ್ಬ ಅಜ್ಜಿ ಬಂದು ನನ್ನ ಸೈಕಲ್ಲಿಗೆ ಕೈಮುಗಿದು, ಒಂದು ಸಾಂಬ್ರಾಣಿ ಪೊಟ್ಟಣ ನನ್ನ ಕೈಗಿಟ್ಟಳು.

"ಮಾದಪ್ಪನ ಬೆಟ್ಟಕ್ ತಾನೆ ಮಗಾ ಓಯ್ತಿರೋದು? ನನ್ನೆಸ್ರಲ್ಲೂ ಧೂಪ ಆಕ್ಬುಡಪ್ಪಾ. ಸೊಸೆ ಎರಿಗೆಗೆ ಆಸ್ಪತ್ರೆ ಸೇರವ್ಳೆ, ಬುಟ್ಟು ಓಗಂಗಿಲ್ಲ."

ಹರಕೆ ಹೊತ್ತು ಹೋಗುವವರ ಕೈಲಿ ಹೀಗೆ ಕೊಟ್ಟು ಕಳಿಸುವುದು ನಮ್ಮ ಕಡೆ ಉಂಟು.

"ನಾನು ಹರಕೆಯೋನಲ್ಲ ಕಣಜ್ಜಿ. ಕಾಶ್ಮೀರಕ್ಕೋಗಿ ಮನೆಗೆ ಬತ್ತಾ ಇವ್ನಿ."

"ಅಲ್ಲಿ ಯಾವ್ ದೇವ್ರದೆ?"

"ದೇವ್ರಿಗಲ್ಲ, ಸುಮ್ನೆ ಓಗಿದ್ದೆ."

ಅಂಗಡಿಯವನು ನಕ್ಕ. ಅಜ್ಜಿ ನಗಲಿಲ್ಲ.

"ಸುಮ್ಸುಮ್ನೆ ಅಷ್ಟ್ ದೂರ ತುಳ್ದೋನಿಗೆ, ಕೆಲ್ಸ ಅದೆ ಅಂದ್ರೆ ಬೆಟ್ಟ ದೂರ ಆಯ್ತದೇನ್ಲಾ?"

ಪೊಟ್ಟಣ ಬ್ಯಾಗಿಗೆ ಹಾಕಿಕೊಂಡೆ. ಸ್ಕೂಲು ಬಿಟ್ಟಾಗಿನಿಂದ ಅಲೆದಿದ್ದೇನೆ. ಎಲ್ಲರೂ ಯಾಕೆ ಹೋಗ್ತೀಯ ಅಂದವರೇ. ಹೋಗಿ ಬಾ ಅಂತ ಕೆಲಸ ಕೊಟ್ಟವಳು ಅವಳೊಬ್ಬಳೇ.

ಸಂಜೆ ಮನೆ ಸೇರಿದೆ. ಮಾರನೇ ಬೆಳಗ್ಗೆ ಬೆಟ್ಟಕ್ಕೆ ಹೊರಟೆ, ಧೂಪ ಹಾಕಿ ಬಂದೆ. ಆ ದಾರಿಯಲ್ಲಿ ಹೋದಾಗೆಲ್ಲ ಅಜ್ಜಿ ನೆನಪಾಗುತ್ತಾಳೆ, ಮಗು ಹೇಗಿದೆಯೋ ಅನ್ನಿಸುತ್ತದೆ. ಹೆಂಡತಿ ಮಾತ್ರ ಅಂಥ ಅಜ್ಜಿ ಇದ್ದಳು ಅನ್ನುವುದನ್ನೇ ಇವತ್ತಿಗೂ ನಂಬಿಲ್ಲ.