ಹಗೇವಿನ ಜೀವಿಗೆ ಕಾಯ್ದಿಟ್ಟ ಹೆಸರು

ನಮ್ಮ ಮನೆತನದಲ್ಲಿ ಕೂಸಿನ ಹೆಸರು ಆರಿಸುವವಳು ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವವರೆಗೆ ಅದನ್ನು ಯಾರೆದುರೂ ಆಡುವಂತಿಲ್ಲ. ಉಸುರಿದೊಡನೆ ಸುತ್ತಲಿನ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದಿ ನಗುತ್ತಾರೆ. ನನ್ನ ತಮ್ಮನ ಮಗಳು ತೊಟ್ಟಿಲ ಹಿಂದಿನ ದಿನವೇ ತೀರಿಕೊಂಡಳು. ನಾನು ಆರಿಸಿದ್ದ ಹೆಸರು ನನ್ನ ಹೊಟ್ಟೆಯಲ್ಲೇ ಉಳಿಯಿತು. ವರ್ಷಗಳಾದರೂ, ನಾನು ಸೂಕ್ಷ್ಮಜೀವಿಗಳ ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯದಲ್ಲಿ ಒಬ್ಬಳೇ ಇದ್ದರೆ, ಕರೆಸಿಕೊಳ್ಳಲು ಕಾಯುತ್ತ ಯಾರೋ ಬೆನ್ನ ಹಿಂದೆ ನಿಂತಂತೆ ಅನಿಸುತ್ತದೆ.

ಮುರಗೋಡದ ನಮ್ಮ ಮನೆಯಂಗಳದಲ್ಲಿ, ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಅದನ್ನು ಮುಚ್ಚಿಸುವ ಮುನ್ನ ಒಂದು ಹಿಡಿ ಮಣ್ಣು ತಂದೆ. ಅದರಲ್ಲಿ ಬೆಳೆದ ಒಂದು ಬ್ಯಾಕ್ಟೀರಿಯಾದ ಜೀನಿನ ಅಕ್ಷರಗಳನ್ನು ಓದಿಸಿ, ಗೊತ್ತಿದ್ದವುಗಳ ಜತೆ ಹೋಲಿಸಿದರೆ, ಹತ್ತಿರದ ನೆಂಟನೂ ದೂರವೇ ಉಳಿದ. ಹೊಸ ಜಾತಿ! ಅದಕ್ಕೆ ಲ್ಯಾಟಿನ್ ರೂಪದ ಎರಡು ಪದಗಳ ಹೆಸರು ಬೇಕು: ಮೊದಲನೆಯದು ಕುಲದ್ದು, ಎರಡನೆಯದು ಕಂಡುಹಿಡಿದವರು ಆರಿಸಿದ್ದು. ಆ ಎರಡನೆಯದಕ್ಕೆ ಕೂಸಿನ ಹೆಸರನ್ನೇ ಇಡುವುದೆಂದು ನಿಶ್ಚಯಿಸಿ ತಮ್ಮನ ಹೆಂಡತಿಗೆ ಸುದ್ದಿ ಹೇಳಿದೆ. ಹೆಸರು ಹೇಳಲಿಲ್ಲ.

“ಅಕ್ಕಾರ, ನನ್ನ ಮಗಳ ಹೆಸರು ಹುಳಕ್ಕ ಇಡಾಕತ್ತೀರೇನು?”

“ಹುಳಾ ಅಲ್ಲವಾ. ಕಣ್ಣಿಗೂ ಕಾಣಂಗಿಲ್ಲ.”

“ಹಂಗಾರ ಇಡ್ರಿ. ಆಕೀನೂ ಕಾಣಂಗಿಲ್ಲ.”

ಆದರೆ ಬ್ಯಾಕ್ಟೀರಿಯಾಗಳಿಗೆ ಹೆಸರಿಡಲು ನಾವು ಪಾಲಿಸುವ ನಿಯಮ ಕಟ್ಟುನಿಟ್ಟು. ಎರಡು ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಆ ಬ್ಯಾಕ್ಟೀರಿಯಾ ಜೀವಂತ ಇರಬೇಕು; ಆಮೇಲೆಯೇ ಹೆಸರಿಗೆ ಮಾನ್ಯತೆ. ಕಳಿಸುವ ಮುನ್ನ, ಉಳಿದವುಗಳಂತೆ ಇದನ್ನೂ ಕಾಲೇಜಿನ ಫ್ರಿಜ್ಜಿನಲ್ಲಿಟ್ಟೆ. ಹಗೇವಿನ ಕಾವಿನಲ್ಲಿ ಬದುಕಿದ್ದಕ್ಕೆ ಆ ಥಂಡಿ ತಡೆಯಲಿಲ್ಲ. ಎಷ್ಟು ಹೊಸ ಗಾಜಿನ ತಟ್ಟೆಗಳಲ್ಲಿ ಗೀರಿ ಬಿತ್ತಿದರೂ ಬೆಳೆದೇಳಲಿಲ್ಲ. ತಂದ ಮಣ್ಣು ಮುಗಿದಿತ್ತು; ಹಗೇವಿನ ಮೇಲೆ ಅಷ್ಟರಲ್ಲಿ ಫರಸಿ ಕಲ್ಲು ಹಾಸಿಯಾಗಿತ್ತು. ಕಂಪ್ಯೂಟರಿನಲ್ಲಿ ಈಗ ಅದರ ಜೀನಿನ ಅಕ್ಷರಗಳಿವೆ, ಹೆಸರಿನ ಜಾಗದಲ್ಲಿ ಒಂದು ನಂಬರು.

ಯರಗಟ್ಟಿ ಸಂತೆಯಿಂದ ತಮ್ಮನ ಹೆಂಡತಿ ನೆಟ್ಟಗೆ ನನ್ನಲ್ಲಿಗೇ ಬಂದಳು.

“ಇಟ್ರೇನ್ರಿ ಹೆಸರು?”

“ಸತ್ತೈತವಾ. ನಂದ ತಪ್ಪು. ಜೀವಂತ ಇಲ್ಲದ್ದಕ್ಕ ಇಡಾಕ ಬರಂಗಿಲ್ಲ.”

ಅವಳು ಕಾಯಿಪಲ್ಲೆಯ ಚೀಲ ಕೆಳಗಿಟ್ಟಳು. “ಅಲ್ಲೂ ಇದ ಕಾಯ್ದೆ ಏನ್ರಿ?” ಸೆರಗು ಸರಿಸಿ ಕಿವಿ ಮುಂದೆ ಮಾಡಿದಳು. “ನಾ ಜೀವಂತ ಅದೀನಲ್ರಿ. ನನಗರ ಹೇಳ್ರಿ.”

ಬಗ್ಗಿ ‘ಕುರ್ರ್’ ಎಂದೆ. ಹೆಸರು ಹೇಳಿದೆ. ನನ್ನ ಬೆನ್ನಿಗೆ ಗುದ್ದು ಬಿತ್ತು, ಹಗುರಾದದ್ದಲ್ಲ.

“ಇನ್ನೊಮ್ಮಿ ಅನ್ರಿ,” ಎಂದಳು, ಮುಷ್ಟಿ ಬಿಚ್ಚದೆ.